ವೈಶಾಖಕ್ಕೆಂದು ಹಿದುಕಿದ ಬೇಳೆ

೧೮ ಮೇ ೧೯೮೪, ಶುಕ್ರವಾರ. ಮೂಕಂಡಪಲ್ಲಿ, ಹೊಸೂರು

ಭಲೇ! ಭಲೇ! ಎಲೈ ನೋಟುಪುಸ್ತಕವೇ, ಕಿವಿಗೊಟ್ಟು ಕೇಳುವಂಥವನಾಗು! ಗುಮ್ಮಳಾಪುರದ ರಂಗಸ್ಥಳದಲ್ಲಿ ಹಸಿರು ಮಣಿಯ ಕಿರೀಟ ಹೊತ್ತು ಮೂವತ್ತು ವರ್ಷ ಮೆರೆದ ಸಮುದ್ರರಾಜ, ವೆಂಕಟರಮಣಪ್ಪನೆಂಬ ನಾನು, ಮಗನ ಕ್ವಾರ್ಟರ್ಸಿನ ಒಂದೇ ಕೋಣೆಯಲ್ಲಿ ತಗಡಿನ ಟ್ರಂಕಿನ ಮೇಲೆ ಕುಳಿತು ಗರ್ಜಿಸುತ್ತಿದ್ದೇನೆ! ಬಾಯಿಬಿಟ್ಟು ಗರ್ಜಿಸುವಂತಿಲ್ಲ. ಪಕ್ಕದ ಮನೆಯವರು ಗೋಡೆ ಬಡಿಯುತ್ತಾರೆ. ಇಲ್ಲಿ ಎಲ್ಲರೂ ಪಾಳಿ ಕೆಲಸದವರು, ಹಗಲಲ್ಲೂ ಯಾರಾದರೊಬ್ಬರು ಮಲಗಿರುತ್ತಾರೆ. ಆದ್ದರಿಂದ ನನ್ನ ಗರ್ಜನೆಯೆಲ್ಲ ಇನ್ನು ನಿನಗೇ.

ಇಂದಿನ ವಾರ್ತೆ! ನನ್ನ ಮಗ ನಂಜಪ್ಪ ಐಸ್‌ಕ್ರೀಂ ಕಂಪನಿಯಲ್ಲಿ ಮೆಕ್ಯಾನಿಕ್ಕು. ಯಂತ್ರ ಬಿಚ್ಚಿ ತೊಳೆಯುವುದಕ್ಕೆ ಕಂಪನಿ ಬಾಗಿಲು ಹಾಕುತ್ತದಂತೆ. "ಅಪ್ಪಾ, ಎಲ್ರೂ ಫ್ಯಾಮಿಲಿ ಕರ್ಕೊಂಡು ಎಲ್ಲಾದ್ರೂ ಹೋಗ್ತಾವ್ರೆ. ನಾವೂ ರಾಮೇಶ್ವರಕ್ಕೆ ಹೋಗ್ಬಿಟ್ಟು ಬರಾನ" ಎಂದ. ಸುತ್ತ ಸಮುದ್ರ, ನಡುವೆ ಊರು!

ಸಮುದ್ರವೆಂದರೆ ನಮ್ಮ ನಾಟಕದಲ್ಲಿ ಎರಡು ನೀಲಿ ಸೀರೆ. ಜೋಡಿಸಿ ಹೊಲಿದವಳು ನನ್ನ ಮುನಿಗಂಗಮ್ಮ. ಅದರಲ್ಲೊಂದು ಅವಳ ಮದುವೆಯ ಸೀರೆ. ಪರದೆಯ ಮರೆಯಲ್ಲಿ ಕೂತು ಒಂದು ತುದಿ ಹಿಡಿದು ಅಲೆ ಎಬ್ಬಿಸುತ್ತಿದ್ದವಳೂ ಅವಳೇ. ನಾನು "ನನ್ನ ಒಂದು ಅಲೆಗೆ ನಿಮ್ಮ ಏಳು ಪಟ್ಟಣಗಳು ಸಾಲವು!" ಎಂದು ಅಬ್ಬರಿಸಿ ಮನೆಗೆ ಬಂದರೆ, ಮುಖದ ಬಣ್ಣ ಒರೆಸುತ್ತಾ ಕೇಳುವಳು: "ರಾಜ್ರೇ, ನೀವು ಸಮುದ್ರ ಕಂಡಿದ್ದೀರಾ?" ಊಟಕ್ಕೆ ಕೂತು ಉಪ್ಪು ಸಾಲದು ಎಂದರೆ ಇನ್ನೊಂದು ಕುಟುಕು: "ಸಮುದ್ರರಾಜನ ನಾಲಿಗೆಗೆ ಯಾವ ಸಾರಿನ್ ಉಪ್ಪು ತಾನೆ ಸಾಕಾದಾತು?" ಕರೆದುಕೊಂಡು ಹೋಗಿ ತೋರಿಸುತ್ತೇನೆ ಕಣೇ ಎನ್ನುತ್ತಿದ್ದೆ.

ಮಾಘ ಮಾಸದಲ್ಲಿ ಹೋಗಿಬಿಟ್ಟಳು.

೨೧ ಮೇ, ಸೋಮವಾರ

ಕೇಳು, ಕೇಳು! ಒಂದು ಮಹತ್ತರವಾದ ಸಂಕಲ್ಪ ಮಾಡಿದ್ದೇನೆ!

ಸಂಕ್ರಾಂತಿಯ ಮಾರನೆಯ ದಿನ ಮುನಿಗಂಗಿ ಜಗಲಿಯ ಮೇಲೆ ಕಾಲು ಚಾಚಿ ಕೂತು, ರಾತ್ರಿ ನೆನೆಸಿದ ಅವರೆಕಾಳನ್ನು ಬೆರಳಲ್ಲಿ ಒತ್ತಿ ಒತ್ತಿ ಹಿದುಕಿ, ಸಿಪ್ಪೆಯಿಂದ ಬೇಳೆ ಹಾರಿಸುತ್ತಿದ್ದಳು. ಆಗಲೇ ಹೊಟ್ಟೆನೋವು ಶುರುವಾಗಿತ್ತು, ಹೇಳಿರಲಿಲ್ಲ. ನಂಜಪ್ಪ ಅಂದ, "ಅಮ್ಮಾ, ಒಂದ್ ಸೇರು ಕೊಡು, ನಮ್ ಕಂಪನಿ ಕೋಲ್ಡ್ ರೂಮಲ್ಲಿ ಇಡ್ತೀನಿ. ಕಲ್ಲಾಗಿ ಕೂತಿರ್ತದೆ, ಆರು ತಿಂಗ್ಳಾದ್ರೂ ಕೆಡಲ್ಲ." ಅವಳು ನಕ್ಕು ನಕ್ಕು ಸೆರಗು ಬಾಯಿಗೆ ಹಿಡಿದಳು. "ಹಂಗಾದ್ರೆ ರಾಜ್ರಿಗೆ ವೈಶಾಖದಾಗೆ ಅವರೆಬೇಳೆ ಸಾರು ಉಣ್ಣಿಸ್ತೀನಿ, ನೋಡ್ತಿರು!"

ಆ ಬೇಳೆ ಇನ್ನೂ ಅಲ್ಲೇ ಇದೆ. ನಂಜಪ್ಪ ಈವತ್ತು ನನ್ನನ್ನು ಕರೆದುಕೊಂಡು ಹೋಗಿ ತೋರಿಸಿದ. ಆ ಕೋಣೆಯ ಬಾಗಿಲು ತೆರೆದರೆ ಹೊಗೆ ಬಂದಂತೆ ಚಳಿ ಬರುತ್ತದೆ. ಪೊಟ್ಟಣವನ್ನು ಕೈಗೆ ತೆಗೆದುಕೊಂಡೆ. ಬೆರಳು ಸೆಟೆದುಕೊಂಡರೂ ಬಿಡಲಿಲ್ಲ. ಒಂದೊಂದು ಬೇಳೆಯೂ ಅವಳ ಹೆಬ್ಬೆರಳು ತಾಗಿದ್ದು.

ಸಂಕಲ್ಪ ಇದು: ಬರುವ ಬುಧವಾರವಲ್ಲ, ಅದರಾಚೆಯ ಬುಧವಾರ ಅಮಾವಾಸ್ಯೆ. ಆ ದಿನ ಸಮುದ್ರದ ದಡದಲ್ಲಿ, ಅವಳ ಕೈಯ ಬೇಳೆಯಲ್ಲೇ ಸಾರು ಮಾಡಿ, ಮುದ್ದೆಯ ಜೊತೆ ಅವಳಿಗೆ ಎಡೆ ಇಡುತ್ತೇನೆ! ಅಲ್ಲಿಯವರೆಗೆ ಆ ಬೇಳೆ ಮೀಸಲು. ಎಡೆಗೆ ಇಡುವುದನ್ನು ಸತ್ತವರಿಗಿಂತ ಮೊದಲು ಬದುಕಿರುವವರು ಬಾಯಿಗೆ ಹಾಕುವಂತಿಲ್ಲ, ರುಚಿ ನೋಡುವಂತಿಲ್ಲ. ಯಾರೂ ಮುಟ್ಟಕೂಡದು!

ಅಕ್ಕ ರಾಮಕ್ಕ ಊರಿಂದ ಬಂದವಳು, "ವರ್ಷ ತುಂಬದೆ ಕ್ಷೇತ್ರಕ್ಕೆ ಹೋಗ್ತಾರೇನ್ಲಾ?" ಎಂದಳು. "ನಾನು ಕ್ಷೇತ್ರಕ್ಕಲ್ಲ, ನನ್ನ ರಾಜ್ಯಕ್ಕೆ ಹೋಗುತ್ತಿದ್ದೇನೆ!" ಎಂದೆ. ಗೋಡೆ ಬಡಿದರು.

೨೪ ಮೇ, ಗುರುವಾರ

ಸೊಸೆ ಇಂದ್ರಮ್ಮ ನಾಟ್ರಾಂಪಾಳ್ಯದ ಹುಡುಗಿ. ಕಾಡಿನ ಕಡೆಯವಳು. ಮಾತು ಕಮ್ಮಿ, ಇದ್ದರೂ ಮೆಲ್ಲಗೆ, ಎರಡನೇ ಸಾಲಿನ ಪ್ರೇಕ್ಷಕನಿಗೂ ಕೇಳಿಸದಷ್ಟು. ಈ ದಿನ ಧೈರ್ಯ ಮಾಡಿ ಕೇಳಿದಳು: "ಮಾವಾ, ಅಲ್ಲಿ ಸಾರು ನಾನೇ ಮಾಡ್ಲಾ? ಅತ್ತೆ ನಂಗೆ ಹೇಳ್ಕೊಟ್ಟಿದ್ರು."

"ನೀನೇ? ನಿನ್ನ ಸಾರನ್ನು ನಾನು ದಿನವೂ ಉಣ್ಣುತ್ತಿಲ್ಲವೇ? ನಾನೇ ಮಾಡುತ್ತೇನೆ!"

"ನಿಮ್ಗೆ ಒಲೆ ಹಚ್ಚಾಕೆ ಬತ್ತದಾ?"

ಎಂಥ ಉದ್ಧಟತನ! ಸೀಮೆಎಣ್ಣೆ ಸ್ಟೌವಿಗೆ ಪಿನ್ನು ಎಲ್ಲಿ ಚುಚ್ಚುವುದೆಂದು ಅವಳು ಇಲ್ಲದಾಗ ನೋಡಿಕೊಂಡೆ. ಸರಿಯಾಗಿ ತಿಳಿಯಲಿಲ್ಲ.

ನಂಜಪ್ಪ ಮರದ ಪೆಟ್ಟಿಗೆ ಮಾಡಿದ್ದಾನೆ. ಪೆಟ್ಟಿಗೆಯೊಳಗೆ ಮರದ ಹೊಟ್ಟು, ಹೊಟ್ಟಿನೊಳಗೆ ಬಿಸ್ಕತ್ತಿನ ಡಬ್ಬ, ಡಬ್ಬದೊಳಗೆ ಐಸು, ಐಸಿನೊಳಗೆ ಪೊಟ್ಟಣ. ಐಸಿಗೆ ಹರಳುಪ್ಪು ಬೆರೆಸಿದರೆ ಚಳಿ ಹೆಚ್ಚುತ್ತದಂತೆ. "ಐಸಿಗೂ ಉಪ್ಪು ಸಾಲದಾ?" ಎಂದು ಮುನಿಗಂಗಿ ಇದ್ದಿದ್ದರೆ ಕೇಳುತ್ತಿದ್ದಳು.

ಊಟ ಸೇರಲಿಲ್ಲ. ಒಂದೇ ಮುದ್ದೆ. ಮಾಘದಿಂದ ಹೀಗೇ.

೨೬ ಮೇ, ಶನಿವಾರ. ಮಧುರೆ

ಬಸ್ಸು ಕೃಷ್ಣಗಿರಿಗೆ ಬಂದಾಗ ಸ್ಟ್ಯಾಂಡಿನಲ್ಲೆಲ್ಲ ಮಾವಿನ ರಾಶಿ. ನಾನು ಮಾತ್ರ ಐಸಿಗಾಗಿ ಸೋಡಾ ಅಂಗಡಿಯಿಂದ ಸೋಡಾ ಅಂಗಡಿಗೆ ಓಡಿದೆ. ಒಬ್ಬ ಕೇಳಿದ, "ಪೆಟ್ಟಿಗೇಲಿ ಏನೈತೆ ಗೌಡ್ರೇ, ಮೀನಾ?" "ಅವರೆಬೇಳೆ!" "ಈ ಬಿಸ್ಲಲ್ಲಾ?" ಎಂದು ನಕ್ಕು, ಒಂದು ತುಂಡು ಹೆಚ್ಚಿಗೆ ಹಾಕಿದ. ಸೇಲಂನಲ್ಲಿ ತಮಿಳು, ಮಧುರೆಯಲ್ಲೂ ತಮಿಳು. ನಾನು ಹೊಸೂರಿನ ಸಂತೆಯ ತಮಿಳಿನಲ್ಲೇ ಅಬ್ಬರಿಸಿದೆ, ಐಸು ಸಿಕ್ಕಿತು. ಬಸ್ಸು ಇಳಿದ ಕಡೆಯೆಲ್ಲ ಮೊದಲು ಪೆಟ್ಟಿಗೆಗೆ ಐಸು, ಆಮೇಲೆ ನಮಗೆ ನೀರು.

ಬಸ್ಸಿನಲ್ಲಿ ಪೆಟ್ಟಿಗೆ ನನ್ನ ತೊಡೆಯ ಮೇಲೇ ಇತ್ತು. ಅದರ ತಂಪು ಪಂಚೆಯೊಳಗೆ ಇಳಿದು ಮೊಣಕಾಲು ಮರಗಟ್ಟಿತು. ಇಂದ್ರಮ್ಮ "ಕೊಡಿ ಮಾವಾ, ಸೊಲ್ಪ ಹೊತ್ತು ನಾನ್ ಹಿಡ್ಕತೀನಿ" ಎಂದಳು. ಕೊಡಲಿಲ್ಲ.

೨೭ ಮೇ, ಭಾನುವಾರ. ಮಂಟಪಂ ಸ್ಟೇಷನ್ನು

ಎಲೈ ವಾಯುವೇ! ನಿನಗೂ ನನಗೂ ಏನು ಹಗೆ?

ಇಲ್ಲಿಂದ ಮುಂದೆ ಸಮುದ್ರದ ಮೇಲೆ ರೈಲಿನ ಸೇತುವೆ. ಗಾಳಿ ಜೋರಾದರೆ ರೈಲು ಬಿಡುವುದಿಲ್ಲವಂತೆ. ಮಧ್ಯಾಹ್ನದಿಂದ ಇಲ್ಲೇ ನಿಂತಿದ್ದೇವೆ. ಮರಳು ಹಾರಿ ಹಾರಿ ಹಲ್ಲಿನಲ್ಲಿ ಕರಕರ ಎನ್ನುತ್ತಿದೆ. ಐಸು ಎಲ್ಲೂ ಇಲ್ಲ. ನಂಜಪ್ಪ ಬಸ್ಸಿನ ರಸ್ತೆಯವರೆಗೂ ಹೋಗಿ ಬರಿಗೈಯಲ್ಲಿ ಬಂದ.

ಪೆಟ್ಟಿಗೆಯ ಮೂಲೆಯಿಂದ ನೀರು ತೊಟ್ಟಿಕ್ಕುತ್ತಿದೆ. ನನ್ನ ಅಂಗವಸ್ತ್ರ ಸುತ್ತಿದ್ದೇನೆ. ಅದೂ ಒದ್ದೆಯಾಯಿತು.

೨೮ ಮೇ, ಸೋಮವಾರ. ದ್ವೀಪ

ಬೆಳಿಗ್ಗೆ ಸೇತುವೆ ದಾಟಿದೆವು. ರೈಲು ನಡೆಯುತ್ತಿತ್ತೋ ತೆವಳುತ್ತಿತ್ತೋ. ಕೆಳಗೆ ನೋಡಿದರೆ ನೆಲವೇ ಇಲ್ಲ.

ನಾನು ಏನೇನೋ ಹೇಳಬೇಕೆಂದು ಮಾತು ಕಟ್ಟಿಕೊಂಡು ಬಂದಿದ್ದೆ. ಸಮುದ್ರ ನೀಲಿಯಾಗಿರಲಿಲ್ಲ. ಬೂದಿ ಕಲಸಿದ ಹಸಿರು. ಯಾರೂ ತುದಿ ಹಿಡಿದು ಆಡಿಸದೆ ತಾನೇ ಏಳುತ್ತಿತ್ತು, ತಾನೇ ಬೀಳುತ್ತಿತ್ತು. "ನೋಡೇ, ಎಷ್ಟೊಂದಿದೆ!" ಎಂದು ಪಕ್ಕಕ್ಕೆ ತಿರುಗಿದೆ. ಇಂದ್ರಮ್ಮ ಕೂತಿದ್ದಳು. "ಹೂಂ ಮಾವಾ" ಎಂದಳು.

ಛತ್ರದಲ್ಲಿ ಇಳಿದು ಪೆಟ್ಟಿಗೆ ಬಿಚ್ಚಿದರೆ ಐಸೆಲ್ಲ ನೀರು. ಬೇಳೆ ಮೆತ್ತಗಾಗಿತ್ತು. ಕೆಟ್ಟಿರಲಿಲ್ಲ. ಅಮಾವಾಸ್ಯೆ ನಾಡಿದ್ದು.

ಇಂದ್ರಮ್ಮ ಅಂದಳು, "ಮಾವಾ, ಈವತ್ತೇ ಮಾಡ್ಬುಡಾನ. ಕರಗಿದ್ದು ಇನ್ ನಿಲ್ಲಲ್ಲ."

"ಅಮಾವಾಸ್ಯೆಗೆ ಮುಂಚೆ ಎಡೆಯೇ? ಯಾರ ಎಡೆ? ನಿನ್ನ ಎಡೆಯೇ?" ಎಂದುಬಿಟ್ಟೆ. ಛತ್ರದವರೆಲ್ಲ ಬಾಗಿಲಿಗೆ ಬಂದು ನೋಡಿದರು. ಅವಳು ಹಿಂದೆ ಸರಿದಳೇ ಹೊರತು ಬಿಡಲಿಲ್ಲ. "ಮತ್ತೆ ಐಸಿಗೆ ಇಟ್ರೆ ಹಾಳಾಯ್ತದೆ ಮಾವಾ. ಕೈ ಮುಗೀತೀನಿ."

"ಅಪ್ಪಾ, ಅವ್ಳು ಹೇಳೋದು ನಿಜ ಕಣಪ್ಪ. ಕಂಪನೀಲೂ ಒಂದ್ ಸಲ ಕರಗಿದ್ದನ್ನ ಮತ್ತೆ ಇಡಲ್ಲ" ಎಂದ ನಂಜಪ್ಪ.

ಇಬ್ಬರೂ ಸೇರಿ ನನಗೆ ಪಾಠ ಹೇಳುವರು! ದಡದಲ್ಲಿ ಮೀನಿನ ಶೆಡ್ಡು ಇದೆ, ಅಲ್ಲಿ ಐಸಿನ ಗುಡ್ಡೆಯೇ ಇದೆ ಎಂದು ಛತ್ರದ ಕಾವಲುಗಾರ ಹೇಳಿದ. ಇಂದ್ರಮ್ಮ ಬೇಳೆಯನ್ನು ಬೇರೆ ಚೀಲಕ್ಕೆ ಸುರಿದು ಗಂಟು ಹಾಕಿ ಕೊಟ್ಟಳು. ನಾನೇ ಎತ್ತಿಕೊಂಡು ಹೋಗಿ ಶೆಡ್ಡಿನ ಮುನಿಶಾಮಿಯ ಕೈಗೆ ಒಪ್ಪಿಸಿದೆ. "ಇದು ನನ್ನ ಹೆಂಡತಿಯದು" ಎಂದೆ, ತಮಿಳಿನಲ್ಲಿ. ಅವನು ಐಸಿನ ಗುಡ್ಡೆಯನ್ನು ಬಗೆದು, ನಡುವೆ ಇಟ್ಟು ಗೋಣಿತಾಟು ಮುಚ್ಚಿದ. ಒಳ್ಳೆಯ ಮನುಷ್ಯ.

ಸಂಜೆ ಇಂದ್ರಮ್ಮ ಮುದ್ದೆ, ಸಾರು ಮಾಡಿದಳು. ತಂದಿದ್ದ ರಾಗಿಹಿಟ್ಟು ಸಾರ್ಥಕವಾಯಿತು. ಸಾರು ಯಾವ ಬೇಳೆಯದೋ, ಅರೆದು ನೀರುಮಾಡಿದ್ದಳು. ಮೂಗಿನ ತುಂಬ ಮೀನಿನ ಶೆಡ್ಡಿನ ವಾಸನೆಯೇ ಇತ್ತು, ಏನು ರುಚಿ ತಿಳಿದೀತು? ಉಪ್ಪು ಸಾಲದು ಎಂದೆ. ಅವಳು ತಲೆ ಎತ್ತಿ ನನ್ನನ್ನೇ ನೋಡಿದಳು. ಏನು ನೋಟವೋ. ಗಾಳಿಗೆ ಹಸಿವಾಗುತ್ತದೆ ಎನ್ನುವುದು ನಿಜ, ಎರಡನೇ ಮುದ್ದೆ ಹಾಕಿಸಿಕೊಂಡೆ.

೨೯ ಮೇ, ಮಂಗಳವಾರ

ಶೆಡ್ಡಿಗೆ ಹೋಗಿ ಬಂದೆ. ಮುನಿಶಾಮಿ ಇರಲಿಲ್ಲ. ದೋಣಿಗಳು ಸಾಲಾಗಿ ಕಡಲಿಗೆ ಇಳಿಯುತ್ತಿದ್ದವು. ಒಳಗೆ ಬಿಡಲಿಲ್ಲ. ಹೊರಗಿನಿಂದಲೇ ಗೋಣಿತಾಟಿನ ಗುಡ್ಡೆ ಕಂಡಿತು. ಅದರೊಳಗೆ ಇದೆ ಎಂದುಕೊಂಡೆ.

ಎಡೆಗೆ ಬಾಳೆ ಎಲೆ ತಂದಾಯಿತು. ವೀಳ್ಯ ತಂದಾಯಿತು. ನಾಳೆ ಸಮುದ್ರದೆದುರು ನಿಂತು ಅವಳಿಗೆ ಕೇಳುವಂತೆ ನನ್ನ ಪ್ರವೇಶದ ಮಾತು ಒಂದಿಷ್ಟು ಹೇಳಬೇಕೆಂದಿದ್ದೇನೆ. ಕಿರೀಟವನ್ನೂ ಟ್ರಂಕಿನಲ್ಲಿ ತಂದಿದ್ದೇನೆ. ನಂಜಪ್ಪನಿಗೆ ಹೇಳಿಲ್ಲ.

೩೦ ಮೇ, ಬುಧವಾರ. ಅಮಾವಾಸ್ಯೆ

ಹಾಳಾಯಿತು.

೩೧ ಮೇ, ಗುರುವಾರ

ನಿನ್ನೆ ಹೆಚ್ಚು ಬರೆಯಲಾಗಲಿಲ್ಲ.

ನಿನ್ನೆ ಬೆಳಿಗ್ಗೆ ಶೆಡ್ಡಿಗೆ ಹೋದಾಗ ನೆಲ ಒಣಗಿತ್ತು. ಐಸಿನ ಗುಡ್ಡೆ ಇರಲಿಲ್ಲ. ಗೋಣಿತಾಟುಗಳು ಮಾತ್ರ ಬಿದ್ದಿದ್ದವು. ಮುನಿಶಾಮಿ ನನ್ನನ್ನು ಕಂಡೊಡನೆ ತಲೆ ಮೇಲೆ ಕೈ ಹೊತ್ತ. "ಐಸ್ ಎಲ್ಲಾಂ ಬೋಟುಕ್ಕು ಪೋಯ್ಡುಚ್ಚು ಅಯ್ಯಾ, ನಾನ್ ಊರ್ಲೆ ಇಲ್ಲೆ" ಎಂದ. ಅವನು ಮಗಳನ್ನು ಬಿಡಲು ಹೋಗಿದ್ದನಂತೆ, ಉಳಿದವರು ಐಸನ್ನೆಲ್ಲ ದೋಣಿಗಳಿಗೆ ತುಂಬಿಬಿಟ್ಟಿದ್ದರು. ಚೀಲವನ್ನು ಯಾರೋ ಮೊಳೆಗೆ ತೂಗುಹಾಕಿದ್ದರು. ಹಿಂದಿನ ದಿನವೆಲ್ಲ ಬಿಸಿಲು ಶೆಡ್ಡಿನ ತಗಡಿನ ಮೇಲೆ ಬಿದ್ದಿತ್ತು.

ಗಂಟು ಬಿಚ್ಚಿದೆ. ಹುಳಿ ವಾಸನೆ. ಬೇಳೆ ಲೋಳೆಯಾಗಿ ಬೆರಳಿಗೆ ಅಂಟಿತು. ತೊಳೆದರೆ ಹೋಗಬಹುದೆಂದು ನಲ್ಲಿಯ ಕೆಳಗೆ ತೊಳೆದೆ. ಮತ್ತೆ ತೊಳೆದೆ. ಮುನಿಶಾಮಿ ಬಂದು ನನ್ನ ಕೈ ಹಿಡಿದುಕೊಂಡ.

ಕೆಟ್ಟದ್ದನ್ನು ಎಡೆಗೆ ಇಡುವುದುಂಟೇ? ದಡಕ್ಕೆ ಹೋಗಿ ನೀರಿಗೆ ಸುರಿದೆ. ಸ್ವಲ್ಪ ತೇಲಿತು. ಒಂದು ಅಲೆ ಅರ್ಧವನ್ನು ನನ್ನ ಕಾಲಿನ ಬಳಿಗೇ ವಾಪಸು ತಂದು ಹಾಕಿತು. ಅದನ್ನು ಬಾಚಿ ಮತ್ತೆ ಎಸೆದೆ. ಎಲೆಯನ್ನು ಮಡಿಚಿ ತೊಡೆಯ ಮೇಲೆ ಇಟ್ಟುಕೊಂಡು ಕೂತೆ.

ಇಂದ್ರಮ್ಮ ಬಂದು ಮರಳಿನ ಮೇಲೆ ಕೂತಳು. ನಂಜಪ್ಪ ದೂರದಲ್ಲೇ ನಿಂತಿದ್ದ.

"ಮಾವಾ, ಒಂದ್ ಮಾತು. ಬೈಯ್ದ್ರೂ ಬೈಯ್ರಿ. ಸೋಮವಾರ ಚೀಲಕ್ಕೆ ಸುರಿವಾಗ ಒಂದ್ ಹಿಡಿ ಸೆರಗಿಗೆ ಹಾಕ್ಕೊಂಡೆ. ಮೀಸಲು ಮುರುದ್ಬುಟ್ಟೆ."

ನನಗೆ ತಿಳಿಯಲಿಲ್ಲ.

"ಅವತ್ತು ಸಂಜೆ ಸಾರು ಮಾಡಿದ್ನಲ್ಲ, ಅದು ಅದೇ ಮಾವಾ. ಒಂದೇ ಹಿಡಿ ಅಂತ ಅರೆದು ಹಾಕ್ದೆ. ಇಷ್ಟೂ ಹಾಳಾಯ್ತದೆ ಅಂತ ಗೊತ್ತಿತ್ತು. ಅತ್ತೆ ಹಿದುಕಿದ್ದು ಎಡೆಗಲ್ಲ, ನಿಮ್ಗೆ. ಜಗಲಿ ಮೇಲೆ ನನ್ನೆದ್ರಿಗೇ ಹೇಳಿದ್ರಲ್ಲ, ರಾಜ್ರಿಗೆ ವೈಶಾಖದಾಗೆ ಉಣ್ಣಿಸ್ತೀನಿ ಅಂತ. ನೀವು ಉಣ್ಲಿ ಅಂತ..."

ನಾನು ಎದ್ದು ನಿಂತೆ. "ಎಲೈ" ಎಂಬುದು ಬಾಯಿಗೆ ಬಂತು. ಅದರ ಮುಂದಿನ ಮಾತು ಬರಲಿಲ್ಲ. ಸಮುದ್ರ ಅದರ ಪಾಡಿಗೆ ಸದ್ದು ಮಾಡುತ್ತಿತ್ತು. ಆ ಸದ್ದಿನ ಮುಂದೆ ನನ್ನದೇನು.

ಆ ಸಾರಿನ ರುಚಿ ನೆನಪಿಸಿಕೊಳ್ಳಲು ನೋಡಿದೆ. ಬಿಸಿಯಾಗಿತ್ತು ಎಂಬುದು ನೆನಪಿದೆ. ಮುದ್ದೆ ನುಂಗಿದ್ದು ನೆನಪಿದೆ. ಸಾರಿನದು ಏನೂ ನೆನಪಿಗೆ ಬರಲಿಲ್ಲ. ನಾಲಿಗೆಯನ್ನು ಹಲ್ಲಿಗೆಲ್ಲ ಸವರಿ ನೋಡಿದೆ. ಮರಳು.

ಇಂದ್ರಮ್ಮನನ್ನೇ ಕೇಳಿದೆ. "ಚೆನ್ನಾಗಿತ್ತೇನಮ್ಮ?"

"ಚೆನ್ನಾಗಿತ್ತು ಮಾವಾ. ಎರಡನೇ ಮುದ್ದೆ ಹಾಕಿಸ್ಕೊಂಡ್ರಿ ನೀವು." ಮೂಗು ಒರೆಸಿಕೊಂಡಳು. "ಉಪ್ಪು ಸಾಲದು ಅಂದ್ರಿ. ಅತ್ತೆ ಸಾರಿಗೂ ಹಂಗೇ ಅಂತಿದ್ರಲ್ಲ. ಸದ್ಯ, ಅತ್ತೆ ತರಾನೇ ಬಂದೈತೆ ಅನ್ಕೊಂಡೆ."

ಎಲೆ ಬರಿದಾಗಿಯೇ ಇತ್ತು. ಅವಳು ಛತ್ರದಿಂದ ಒಂದು ಮುದ್ದೆ ತಂದಿದ್ದಳು, ಬರೀ ಮುದ್ದೆ. ಅದನ್ನೇ ಎಲೆಯ ಮೇಲೆ ಇಟ್ಟು ಮೂವರೂ ಕೈ ಮುಗಿದೆವು. ಕಿರೀಟ ಟ್ರಂಕಿನಲ್ಲೇ ಉಳಿಯಿತು. ನಾನು ಮುನಿಗಂಗಿಗೆ ಸಮುದ್ರ ಹೇಗಿದೆ ಎಂದಷ್ಟೇ ಹೇಳಿದೆ. ನೀಲಿ ಅಲ್ಲ ಎಂದು. ನಿನ್ನ ಸೀರೆಯಷ್ಟು ಚೆನ್ನಾಗಿಲ್ಲ ಎಂದು.

೨ ಜೂನ್, ಶನಿವಾರ

ಬಸ್ಸಿನಲ್ಲಿ ಪೆಟ್ಟಿಗೆ ಇಂದ್ರಮ್ಮನ ತೊಡೆಯ ಮೇಲಿತ್ತು. ಖಾಲಿ ಪೆಟ್ಟಿಗೆ. ಎಸೆಯೋಣ ಎಂದ ನಂಜಪ್ಪ. ಅವಳು ಬಿಡಲಿಲ್ಲ.

೧೯ ಜೂನ್, ಮಂಗಳವಾರ. ಮೂಕಂಡಪಲ್ಲಿ

ಪಕ್ಕದ ಮನೆಯಾಕೆ ಭದ್ರಮ್ಮ ಈವತ್ತು ಬಾಗಿಲಿಗೆ ಬಂದು, "ನಿಮ್ ಮಾವ ಊರಿಗ್ ಹೋಗ್ಬುಟ್ರಾ? ಸದ್ದೇ ಇಲ್ಲ" ಎಂದು ಇಂದ್ರಮ್ಮನನ್ನು ಕೇಳಿದಳು. ನಾನು ಒಳಗೆ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದೆ. ಈ ಜನಕ್ಕೆ ಗಟ್ಟಿಯಾಗಿ ಮಾತಾಡಿದರೂ ಕಷ್ಟ, ಆಡದಿದ್ದರೂ ಕಷ್ಟ.

ಸ್ಟೌವಿಗೆ ಪಿನ್ನು ಚುಚ್ಚುವುದು ಈಗ ಬರುತ್ತದೆ.

೨೩ ಡಿಸೆಂಬರ್, ಭಾನುವಾರ. ಗುಮ್ಮಳಾಪುರ

ಬರೆದು ಬಹಳ ದಿನವಾಯಿತು. ಬರೆಯುವಂಥದ್ದು ಇರಲಿಲ್ಲ.

ಹೊಲದ ಬದುವಿನಲ್ಲಿ ಅವರೆ ಚೆನ್ನಾಗಿ ಬಿಟ್ಟಿದೆ. ರಾಮಕ್ಕ ಹೇಳಿಕಳಿಸಿದ್ದಳು, ಮೂವರೂ ಬಂದೆವು. ರಾತ್ರಿ ನೆನೆಸಿದ ಕಾಳನ್ನು ಬೆಳಿಗ್ಗೆ ಜಗಲಿಯ ಮೇಲೆ ಹಾಕಿಕೊಂಡು ನಾನೂ ಇಂದ್ರಮ್ಮನೂ ಹಿದುಕಿದೆವು. ನಾನು ಒತ್ತಿದರೆ ಬೇಳೆ ಹಾರಿ ಅಂಗಳಕ್ಕೆ ಬೀಳುತ್ತದೆ. ಹೆಬ್ಬೆರಳನ್ನು ಹಿಂಗೆ ಇಡಿ ಮಾವಾ ಎಂದು ತೋರಿಸಿಕೊಟ್ಟಳು. ಅದು ಮುನಿಗಂಗಿ ಇಡುತ್ತಿದ್ದ ಹಾಗೆಯೇ.

ನಂಜಪ್ಪ ಕೇಳಿದ, "ಅಪ್ಪಾ, ಒಂದ್ ಸೇರು ಕೋಲ್ಡ್ ರೂಮಿಗೆ ಇಡಾನಾ?"

"ಬೇಡ. ಈವತ್ತೇ ಉಣ್ಣೋಣ" ಎಂದೆ.

ಮೊದಲು ಮುನಿಗಂಗಿಗೆ ಎಡೆ ಇಟ್ಟೆವು. ಆಮೇಲೆ ಇಂದ್ರಮ್ಮ ನನಗೆ ಬಡಿಸಿದಳು. ಈ ಸಲ ಬಾಯಲ್ಲಿ ಇಟ್ಟುಕೊಂಡು ನಿಧಾನವಾಗಿ ನುಂಗಿದೆ. ಸೊಗಡು ಮೂಗಿಗೆ ಏರಿತು. ಅವಳು ಸೌಟು ಹಿಡಿದು ನಿಂತೇ ಇದ್ದಳು.

"ಉಪ್ಪು ಸರಿಯಾಗಿದೆ" ಎಂದೆ.

ಅವಳ ಮುಖ ಬಾಡಿತು. "ಯಾಕ್ ಮಾವಾ, ಮೈಗೆ ಸರಿಯಿಲ್ವಾ?"

ಇನ್ನೊಂದು ತುತ್ತು ಸಾರಿಗೆ ಅದ್ದಿ ನುಂಗಿದೆ. "ಒಂದು ಚೂರು ಸಾಲದು" ಎಂದೆ.

ಅವಳು ಸೆರಗು ಬಾಯಿಗೆ ಹಿಡಿದುಕೊಂಡು ಒಳಗೆ ಹೋದಳು. ಉಪ್ಪು ತರಲು ಹೋದಳೆಂದುಕೊಂಡೆ. ಬಹಳ ಹೊತ್ತು ಬರಲಿಲ್ಲ. ನಾನೇ ಎದ್ದು ಎರಡನೇ ಮುದ್ದೆ ಹಾಕಿಕೊಂಡೆ.